ಸಾಕುವುದನ್ನೂ ಕಲಿಯಬೇಕೇ?

ಕಳೆದ ತಿಂಗಳು ಹೆಸರಘಟ್ಟದಿಂದ ನಮಗೊಂದು ಕಾಗದ ಬಂದಿತು. ಬರೆದ ಕೈ ೧೧ ವರ್ಷದ ಬಾಲಕಿಯದು. ಬರೆಯಿಸಿದ ಮಾತು ಅವಳ ಅಜ್ಜಿಯದು. ಅಂತಹ ಕಾಗದವನ್ನು ಇದ್ದಂತೆಯೇ ಅಚ್ಚುಮಾಡುವುದು ಉಚಿತವಲ್ಲವಾದುದರಿಂದ, ಹೆಸರನ್ನೂ ಮನೆಯ ಗುರುತನ್ನೂ ಬಿಟ್ಟು, ಸಾರಾಂಶವನ್ನು ಮಾತ್ರ ವಾಚಕರ ಮುಂದಿಡುತ್ತೇವೆ.

ಅಜ್ಜಿಗೆ ಈಗ ೬೨ ವರ್ಷ. ನಾಲ್ವರು ಮಕ್ಕಳನ್ನು ಹೆತ್ತು, ಸಾಕಿ, ಒಂದೊಂದು ದಡ ಸೇರಿಸಿದವರು. ಅವರ ಕಿರಿಯ ಮಗಳು ಎರಡು ವರ್ಷಗಳ ಕೆಳಗೆ ಕಾಯಿಲೆಯಿಂದ ತೀರಿಕೊಂಡಳು. ಅಳಿಯನು ಅದಕ್ಕೂ ಮೊದಲೇ ಮನೆ ಬಿಟ್ಟು ಹೋಗಿದ್ದವನು. ಮಗಳ ಎರಡು ಮಕ್ಕಳು, ಈ ಹುಡುಗಿ ಮತ್ತು ೭ ವರ್ಷದ ಅವಳ ತಮ್ಮ, ಅಂದಿನಿಂದ ಅಜ್ಜಿಯ ಮಡಿಲಿನಲ್ಲಿದ್ದಾರೆ. ತಾಯಿ ತೀರಿದಾಗ ಐದು ವರ್ಷದವನಾಗಿದ್ದ ಹುಡುಗನಿಗೆ, ‘ಅಮ್ಮ ಊರಿಗೆ ಹೋಗಿದ್ದಾಳೆ, ಬಸ್ಸಿನಲ್ಲಿ ಬರುತ್ತಾಳೆ’ ಎಂದು ಮನೆಯವರು ಹೇಳಿದರು. ಮಗುವಿನ ಅಳುವನ್ನು ನಿಲ್ಲಿಸಲು ಹೇಳಿದ ಮಾತು. ಆದರೆ ಹುಡುಗನು ಅದನ್ನು ನಂಬಿದನು. ಸಂಜೆಯಾದರೆ ಬಸ್ಸು ನಿಲ್ಲುವ ಕಡೆಗೆ ಹೋಗಿ, ಬೆಂಗಳೂರಿನಿಂದ ಬಂದ ಬಸ್ಸುಗಳಿಂದ ಇಳಿಯುವವರ ಮುಖಗಳನ್ನು ನೋಡುತ್ತ ನಿಂತಿರುತ್ತಿದ್ದನು. ಈಗ್ಗೆ ಕೆಲವು ತಿಂಗಳ ಹಿಂದೆ ಶಾಲೆಯಲ್ಲಿ ಜೊತೆಯ ಹುಡುಗನೊಬ್ಬನು, ‘ನಿಮ್ಮಮ್ಮ ಸತ್ತುಹೋಗಿದ್ದಾಳೆ, ಊರಿಗೆಲ್ಲ ಗೊತ್ತು’ ಎಂದುಬಿಟ್ಟನು. ಅಂದು ಮನೆಗೆ ಬಂದವನು ಅಜ್ಜಿಯನ್ನು ‘ಸುಳ್ಳಿ’ ಎಂದು ಕರೆದು ಮೂಲೆ ಸೇರಿದನು. ಹಾಸಿಗೆಯನ್ನು ಒದ್ದೆ ಮಾಡಿಕೊಳ್ಳತೊಡಗಿದನು. ಒಂದು ರಾತ್ರಿ ಊಟದ ಹೊತ್ತಿನಲ್ಲಿ, ‘ನೀನು ಯಾವಾಗ ಸಾಯುತ್ತೀಯ?’ ಎಂದು ಕೇಳಿದನು. ಅಜ್ಜಿಯ ಕೈ ಅವರಿಗೇ ತಿಳಿಯದಂತೆ ಹುಡುಗನ ಕೆನ್ನೆಯ ಮೇಲೆ ಬಿದ್ದಿತು. ಆ ಏಟಿಗಾಗಿ ಅವರು ಇಂದಿಗೂ ಮರುಗುತ್ತಿದ್ದಾರೆ.

ಮಕ್ಕಳ ಸಹಾಯಧನಕ್ಕಾಗಿ ಅರ್ಜಿ ಹಾಕಿದ್ದರಿಂದ ಮನೆಯನ್ನು ನೋಡಲು ಬಂದ ಅಧಿಕಾರಿಣಿಯೊಬ್ಬರು ಇದನ್ನೆಲ್ಲ ಕೇಳಿ, ‘ಅಜ್ಜಿ, ಇಂತಹ ಮಕ್ಕಳನ್ನು ಸಾಕುವವರಿಗೆ ತರಬೇತಿ ಕೊಡುತ್ತೇವೆ, ನೀವೂ ಬನ್ನಿ’ ಎಂದರಂತೆ. ಇದರಿಂದ ಅಜ್ಜಿಗೆ ಬಹಳ ನೋವಾಗಿದೆ. ‘ನಾಕು ಮಕ್ಕಳ ಹೆತ್ತು ಸಾಕ್ದೋಳು ನಾನು. ಈ ವಯಸ್ಸಲ್ಲಿ ಮಕ್ಕಳ ಸಾಕೋದು ಹೆಂಗೆ ಅಂತ ನಂಗೆ ಪಾಠ ಹೇಳ್ತಾರಾ? ನೀವೇ ನ್ಯಾಯ ಹೇಳಿ’ ಎಂದು ಅವರು ನಮ್ಮನ್ನು ಕೇಳಿದ್ದಾರೆ.

ತಾಯಿ, ನಿಮ್ಮ ನೋವು ನಮಗೆ ಅರ್ಥವಾಗುತ್ತದೆ. ನೀವು ಕೇಳಿದ ಪ್ರಶ್ನೆಯು ನಿಮ್ಮೊಬ್ಬರದೇ ಅಲ್ಲ. ಅಕ್ಕನ ಮಕ್ಕಳನ್ನು ಸಾಕುವ ಚಿಕ್ಕಮ್ಮ, ತಮ್ಮನ ಮಗುವನ್ನು ಮನೆಗೆ ಕರೆತಂದ ದೊಡ್ಡಪ್ಪ, ಸಂಬಂಧವೇ ಇಲ್ಲದ ಮಗುವಿಗೆ ಬಾಗಿಲು ತೆರೆದ ದಂಪತಿಗಳು, ಇವರೆಲ್ಲರೂ ಒಂದಲ್ಲ ಒಂದು ದಿನ ಇದನ್ನೇ ಕೇಳುತ್ತಾರೆ. ಪ್ರೀತಿಯಿರುವಲ್ಲಿ ಪಾಠವೇಕೆ? ಈ ತಿಂಗಳು ಅದನ್ನೇ ವಿಚಾರಮಾಡೋಣ.

ನಿಮ್ಮ ಊರಿನಲ್ಲಿ ಕೋಳಿ ಸಾಕುವುದನ್ನು ಕಲಿಸುವ ಕೇಂದ್ರ ಸರ್ಕಾರದ ತರಬೇತಿ ಸಂಸ್ಥೆಯೊಂದಿದೆ. ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯೂ ನಿಮ್ಮ ಊರಿನಲ್ಲಿಯೇ ಇದೆ. ತಲೆತಲಾಂತರದಿಂದ ತೋಟವನ್ನೇ ಮಾಡಿಕೊಂಡು ಬಂದ ರೈತರು ದೂರದ ಜಿಲ್ಲೆಗಳಿಂದ ಅಲ್ಲಿಗೆ ಬಂದು, ಕಸಿ ಕಟ್ಟುವುದನ್ನೂ ಸಸಿ ಬೆಳೆಸುವುದನ್ನೂ ಕಲಿತು ಹೋಗುತ್ತಾರೆ. ‘ನಮ್ಮಜ್ಜನ ಕಾಲದಿಂದ ಗಿಡ ನೆಟ್ಟವರು ನಾವು, ನಮಗೇನು ಕಲಿಸುತ್ತೀರಿ?’ ಎಂದು ಅವರು ಮುನಿಸಿಕೊಳ್ಳುವುದಿಲ್ಲ. ಕಾರಣವೇನೆಂದರೆ, ಬೀಜ ಬಿದ್ದಲ್ಲಿಯೇ ಬೆಳೆಯುವ ಗಿಡದ ಆರೈಕೆ ಒಂದು. ಮಡಿಯಿಂದ ಕಿತ್ತು ಇನ್ನೊಂದು ಕಡೆ ನೆಟ್ಟ ಸಸಿಯ ಆರೈಕೆ ಬೇರೊಂದು ಎಂಬುದನ್ನು ಅವರು ಬಲ್ಲರು. ಕಿತ್ತ ಸಸಿಯನ್ನು ನೆಡುವಾಗ ಬೇರಿಗೆ ಅಂಟಿಕೊಂಡ ಹಳೆಯ ಮಣ್ಣನ್ನು ಯಾರೂ ಕೊಡವಿ ತೊಳೆಯುವುದಿಲ್ಲ. ನೆಟ್ಟ ಮಾರನೆಯ ದಿನ ಎಲೆ ಬಾಡಿದರೆ ಗಿಡಕ್ಕೆ ಹಟವೆಂದು ಯಾರೂ ಬಯ್ಯುವುದಿಲ್ಲ.

ನೀವು ಹೆತ್ತ ನಾಲ್ವರು ಮಕ್ಕಳು ಬಿದ್ದಲ್ಲಿಯೇ ಬೆಳೆದವರು. ಈ ಇಬ್ಬರು ಕಿತ್ತು ನೆಟ್ಟ ಸಸಿಗಳು. ನಿಮ್ಮ ಅನುಭವವು ಕಡಮೆಯೆಂದು ಆ ಅಧಿಕಾರಿಣಿಯು ಹೇಳಿದಂತೆ ನಮಗೆ ತೋರುವುದಿಲ್ಲ. ಈ ಕೆಲಸವು ಬೇರೆಯಾದುದು ಎಂಬುದಷ್ಟೇ ಅವರ ಮಾತಿನ ಅರ್ಥವಿರಬೇಕು. ನಾಲ್ಕು ಮಕ್ಕಳನ್ನು ಸಾಕುವಾಗ, ‘ನೀನು ಯಾವಾಗ ಸಾಯುತ್ತೀಯ?’ ಎಂಬ ಪ್ರಶ್ನೆಗೆ ಉತ್ತರ ಹೇಳುವ ಪ್ರಸಂಗವು ನಿಮಗೆ ಒಮ್ಮೆಯಾದರೂ ಬಂದಿತ್ತೇ?

ಇನ್ನೂ ಒಂದು ಭೇದವಿದೆ. ಅದನ್ನು ಹೇಳಲು ನಮಗೆ ಸಂಕೋಚವಾಗುತ್ತದೆ. ಆದರೂ ಹೇಳದೆ ಇರಲಾರೆವು. ಮಕ್ಕಳು ಕಳೆದುಕೊಂಡದ್ದು ತಾಯಿಯನ್ನು. ನೀವು ಕಳೆದುಕೊಂಡದ್ದು ಮಗಳನ್ನು. ಒಂದೇ ಸಾವು, ಒಂದೇ ಮನೆ, ಎರಡು ದುಃಖ. ನಂಟರ ಮಕ್ಕಳನ್ನು ಸಾಕುವವರಿಗೂ ಹೊರಗಿನವರಿಗೂ ಇರುವ ದೊಡ್ಡ ವ್ಯತ್ಯಾಸವಿದು. ಹೊರಗಿನವರು ಮಗುವಿನ ದುಃಖವನ್ನು ಒಣಗಿದ ಕಣ್ಣಿನಿಂದ ನೋಡಬಲ್ಲರು. ಅಜ್ಜಿಗೆ ಆ ಅನುಕೂಲವಿಲ್ಲ. ಮಗುವು ತಾಯಿಯ ಹೆಸರನ್ನು ಎತ್ತಿದೊಡನೆ ಅಜ್ಜಿಯ ಕರುಳಿಗೇ ಕತ್ತರಿ ಬೀಳುತ್ತದೆ. ಆದುದರಿಂದ ಮಾತನ್ನು ಮರೆಸುತ್ತಾರೆ, ಫೋಟೋವನ್ನು ಪೆಟ್ಟಿಗೆಯಲ್ಲಿಡುತ್ತಾರೆ, ‘ಊರಿಗೆ ಹೋಗಿದ್ದಾಳೆ’ ಎನ್ನುತ್ತಾರೆ. ಮಗುವಿಗಾಗಿ ಹೇಳಿದ ಆ ಮಾತಿನಲ್ಲಿ ಅರ್ಧ ತಮಗಾಗಿಯೂ ಇರುತ್ತದೆ. ಇದು ತಪ್ಪೆಂದು ನಾವು ಹೇಳುವುದಿಲ್ಲ. ತರಬೇತಿಯಲ್ಲಿ ಮೊದಲು ಕಲಿಸತಕ್ಕದ್ದು ಈ ಎರಡು ದುಃಖಗಳನ್ನು ಬಿಡಿಸಿ ನೋಡುವುದನ್ನೇ ಎಂದು ಮಾತ್ರ ಹೇಳುತ್ತೇವೆ. ನಿಮ್ಮ ದುಃಖವನ್ನು ಹೇಳಿಕೊಳ್ಳಲು ನಿಮಗೊಂದು ಜಾಗ ದೊರೆತರೆ, ಮಗುವಿನ ದುಃಖಕ್ಕೆ ನಿಮ್ಮ ಮಡಿಲಿನಲ್ಲಿ ಜಾಗವಾಗುತ್ತದೆ.

ಮಹಾಭಾರತದಲ್ಲಿನ ಸಾಕುಮಕ್ಕಳ ಕಥೆಗಳಲ್ಲಿ ಎರಡನ್ನು ನೋಡಿರಿ. ಕರ್ಣನನ್ನು ಅಧಿರಥನೂ ರಾಧೆಯೂ ಹೆತ್ತವರಿಗಿಂತ ಹೆಚ್ಚಾಗಿ ಸಾಕಿದರು. ಅವರ ಪ್ರೀತಿಯಲ್ಲಿ ಕೊರತೆಯಿರಲಿಲ್ಲ. ಆದರೆ ಹೆತ್ತವಳು ಯಾರೆಂಬ ಸತ್ಯವು ಅವನಿಗೆ ತಿಳಿದದ್ದು ಯುದ್ಧವು ಹೊಸ್ತಿಲಲ್ಲಿ ನಿಂತಾಗ. ಅದೂ ತಮ್ಮ ಕೆಲಸಕ್ಕಾಗಿ ಬಂದವರ ಬಾಯಿಂದ. ಶಕುಂತಲೆಯನ್ನು ಕಣ್ವನು ಸಾಕಿದನು. ಅವಳು ಹುಟ್ಟಿದ ಬಗೆಯೂ ತಾಯಿ ಬಿಟ್ಟುಹೋದ ಬಗೆಯೂ ಹೇಳಿಕೊಳ್ಳಲು ಸುಲಭವಾದುವಲ್ಲ. ಆದರೂ ಕಣ್ವನು ಅದನ್ನು ಮುಚ್ಚಿಡಲಿಲ್ಲ. ದುಷ್ಯಂತನು ‘ನೀನು ಯಾರ ಮಗಳು?’ ಎಂದು ಕೇಳಿದಾಗ, ತನ್ನ ಜನ್ಮದ ಕಥೆಯನ್ನು ತಂದೆಯಿಂದ ಕೇಳಿದಂತೆಯೇ ಅವಳು ತಲೆಯೆತ್ತಿ ಹೇಳಿದಳು. ಪ್ರೀತಿ ಇಬ್ಬರಿಗೂ ದೊರೆಯಿತು. ತನ್ನ ಕಥೆ ತನ್ನ ಕೈಯಲ್ಲಿರುವ ಭಾಗ್ಯವು ಒಬ್ಬಳಿಗೆ ಮಾತ್ರ ದೊರೆಯಿತು.

ಹಾಗಾದರೆ ಏಳು ವರ್ಷದ ಹುಡುಗನಿಗೆ ಏನೆಂದು ಹೇಳಬೇಕು? ಮಕ್ಕಳ ಮನಸ್ಸನ್ನು ಬಲ್ಲವರು ಹೇಳುವುದು ಇಷ್ಟು. ಐದಾರು ವರ್ಷಕ್ಕಿಂತ ಚಿಕ್ಕ ಮಕ್ಕಳಿಗೆ, ಸತ್ತವರು ಮರಳಿ ಬರುವುದಿಲ್ಲವೆಂಬುದು ಪೂರ್ತಿಯಾಗಿ ತಿಳಿಯದು. ಏಳೆಂಟರ ಹೊತ್ತಿಗೆ ಸಾಮಾನ್ಯವಾಗಿ ತಿಳಿಯತೊಡಗುತ್ತದೆ. ಆದುದರಿಂದ ಸರಳವಾದ, ನಿಜವಾದ ಮಾತೇ ಬೇಕು. ‘ಅಮ್ಮನಿಗೆ ದೊಡ್ಡ ಕಾಯಿಲೆಯಾಗಿತ್ತು, ಡಾಕ್ಟರು ಪ್ರಯತ್ನಪಟ್ಟರು, ಆದರೂ ಸತ್ತುಹೋದಳು. ಇನ್ನು ಬರುವುದಿಲ್ಲ. ನಿನಗೆ ಸುಳ್ಳು ಹೇಳಿದೆ ಕಂದ, ನನಗೆ ಹೇಳುವ ಧೈರ್ಯವಿರಲಿಲ್ಲ.’ ಇಷ್ಟು ಸಾಕು. ‘ಮಲಗಿದ್ದಾಳೆ’ ಎನ್ನಬಾರದು, ಮಗುವಿಗೆ ನಿದ್ದೆಯೆಂದರೇ ಭಯವಾದೀತು. ‘ದೇವರಿಗೆ ಬೇಕಾದಳು, ಕರೆದುಕೊಂಡ’ ಎಂದರೆ, ದೇವರು ಇನ್ನು ಯಾರನ್ನು ಕರೆದುಕೊಳ್ಳುವನೋ ಎಂದು ಅದು ನಡುಗುವುದೂ ಉಂಟು. ಮತ್ತೊಂದು ಮಾತನ್ನು ಮಗುವು ಕೇಳದಿದ್ದರೂ ಹೇಳಬೇಕು: ‘ಇದರಲ್ಲಿ ನಿನ್ನ ತಪ್ಪೇನೂ ಇಲ್ಲ.’ ತಾನು ಹಟಮಾಡಿದ್ದರಿಂದಲೇ ಅಮ್ಮನಿಗೆ ಕಾಯಿಲೆಯಾಯಿತೆಂದು ಒಳಗೊಳಗೇ ನಂಬಿಕೊಂಡಿರುವ ಮಕ್ಕಳು ಅನೇಕರು.

‘ನೀನು ಯಾವಾಗ ಸಾಯುತ್ತೀಯ?’ ಎಂದು ಅವನು ಕೇಳಿದ್ದು ಕೆಟ್ಟ ಮಾತಲ್ಲ, ತಾಯಿ. ನೀವೂ ಹೋದರೆ ತನ್ನನ್ನು ನೋಡಿಕೊಳ್ಳುವವರು ಯಾರು ಎಂಬುದು ಅವನ ಪ್ರಶ್ನೆ. ಬಹಳ ನ್ಯಾಯವಾದ ಪ್ರಶ್ನೆ. ‘ನಾನು ಸಾಯುವುದೇ ಇಲ್ಲ’ ಎಂಬ ಇನ್ನೊಂದು ಸುಳ್ಳು ಅದಕ್ಕೆ ಉತ್ತರವಾಗದು. ನಿಮ್ಮ ಉಳಿದ ಮಕ್ಕಳನ್ನು ಕೂಡಿಸಿ, ಆ ಭಾರವನ್ನು ಯಾರು ಹೊರುವರೆಂದು ಮೊದಲು ನಿಶ್ಚಯಿಸಿಕೊಳ್ಳಿರಿ. ಅನಂತರ ಹುಡುಗನಿಗೆ, ‘ನಾನು ಗಟ್ಟಿಯಾಗಿದ್ದೇನೆ, ಬಹಳ ದಿನ ಇರುತ್ತೇನೆ. ಒಂದು ವೇಳೆ ನಾನಿಲ್ಲದಿದ್ದರೆ ಇಂಥವರು ನಿಮ್ಮಿಬ್ಬರನ್ನೂ ನೋಡಿಕೊಳ್ಳುತ್ತಾರೆ, ಮಾತಾಡಿ ಆಗಿದೆ’ ಎಂದು ಹೆಸರು ಹೇಳಿ ತಿಳಿಸಿರಿ. ಹಾಸಿಗೆ ಒದ್ದೆಯಾದರೆ ಬಯ್ಯದೆ, ಅಕ್ಕನ ಮುಂದೆ ನಾಚಿಸದೆ, ಬಟ್ಟೆ ಬದಲಿಸಿ ಸುಮ್ಮನಾಗಿರಿ. ಹೊಡೆದುದಕ್ಕೆ ತಪ್ಪಾಯಿತೆಂದು ಹೇಳಿದರೆ ಹಿರಿತನವೇನೂ ಕುಂದುವುದಿಲ್ಲ.

ಇವೆಲ್ಲ ಇಂದಿನವರ ಹೊಸ ಕಲ್ಪನೆಗಳೆಂದು ಕೆಲವರು ಹೇಳಬಹುದು. ಹಾಗಲ್ಲ. ಲಂಡನ್ನಿನಲ್ಲಿ ೧೯೬೦ರ ದಶಕದ ಕೊನೆಯಲ್ಲಿ ಜೇಮ್ಸ್ ರಾಬರ್ಟ್‌ಸನ್ ಮತ್ತು ಅವರ ಪತ್ನಿ ಜಾಯ್ಸ್ ಎಂಬವರು, ತಾಯಿ ಆಸ್ಪತ್ರೆಯಲ್ಲಿದ್ದ ಪುಟ್ಟ ಮಕ್ಕಳನ್ನು ಕೆಲವು ದಿನಗಳ ಮಟ್ಟಿಗೆ ತಮ್ಮ ಮನೆಯಲ್ಲಿ ಸಾಕಿ, ಅದನ್ನು ಚಲನಚಿತ್ರದಲ್ಲಿ ಹಿಡಿದಿಟ್ಟರು. ಮಗುವನ್ನು ಮೊದಲೇ ತಮ್ಮ ಮನೆಗೆ ಪರಿಚಯಿಸಿದರು. ಅದರ ಊಟ, ನಿದ್ದೆ, ಮುದ್ದಿನ ಮಾತುಗಳನ್ನು ತಾಯಿಯಿಂದ ಕೇಳಿ ತಿಳಿದರು. ತಾಯಿಯ ಭಾವಚಿತ್ರವನ್ನು ಹತ್ತಿರವಿಟ್ಟು ಅವಳ ವಿಷಯವನ್ನು ಮಾತಾಡುತ್ತಿದ್ದರು. ಆ ಮಕ್ಕಳು ನೊಂದರೂ ಮುರಿಯಲಿಲ್ಲ. ಇದಕ್ಕೆ ಪ್ರತಿಯಾಗಿ, ೧೭ ತಿಂಗಳ ಜಾನ್ ಎಂಬ ಮಗುವು ಒಂಬತ್ತು ದಿನ ಶಿಶುವಿಹಾರವೊಂದರಲ್ಲಿ ಉಳಿಯಿತು. ಅಲ್ಲಿನ ದಾದಿಯರು ಒಳ್ಳೆಯವರೇ. ಆದರೆ ಸರದಿಯ ಮೇಲೆ ಬದಲಾಗುತ್ತಿದ್ದರು, ಅದು ಯಾರನ್ನೂ ತನ್ನವರೆಂದು ಹಿಡಿದುಕೊಳ್ಳಲಾಗಲಿಲ್ಲ. ಕೊನೆಗೆ ತಾಯಿ ಬಂದಾಗ ಅವಳ ತೋಳಿನಿಂದಲೇ ಕೊಸರಿಕೊಂಡಿತು. ಆ ಚಿತ್ರವು ೧೯೬೯ರಲ್ಲಿ ಹೊರಬಂದು, ಮಕ್ಕಳ ಪಾಲನೆಯ ವಿಷಯದಲ್ಲಿ ಅನೇಕರ ಕಣ್ಣು ತೆರೆಯಿಸಿತು.

ರುಮೇನಿಯಾ ದೇಶದ ಬುಕಾರೆಸ್ಟ್ ನಗರದಲ್ಲಿ ೨೦೦೧ರಲ್ಲಿ ಆರಂಭವಾದ ಪರೀಕ್ಷೆಯೊಂದರಲ್ಲಿ, ಅನಾಥಾಲಯಗಳಲ್ಲಿದ್ದ ೧೩೬ ಶಿಶುಗಳ ಪೈಕಿ ಅರ್ಧದಷ್ಟನ್ನು ಆಯ್ದು ಸಾಕುಮನೆಗಳಿಗೆ ಕೊಟ್ಟರು. ಮನೆ ಸೇರಿದ ಮಕ್ಕಳ ಬುದ್ಧಿಯೂ ಮನಸ್ಸಿನ ನೆಮ್ಮದಿಯೂ ಹೆಚ್ಚಿದುವು. ಎರಡು ವರ್ಷ ತುಂಬುವ ಮೊದಲೇ ಸೇರಿದವರಲ್ಲಿ ಇನ್ನೂ ಚೆನ್ನಾಗಿ ಹೆಚ್ಚಿದುವು. ಇಲ್ಲಿ ಗಮನಿಸಬೇಕಾದುದೇನೆಂದರೆ, ಆ ಸಾಕುತಾಯಂದಿರನ್ನು ಮಗುವಿನೊಡನೆ ಬಿಟ್ಟು ಕೈತೊಳೆದುಕೊಳ್ಳಲಿಲ್ಲ. ಮೊದಲು ಕಲಿಸಿದರು, ಆಮೇಲೆಯೂ ಸಮಾಜಕಾರ್ಯಕರ್ತೆಯರು ಹೋಗಿ ಬಂದು ಬೆನ್ನಿಗೆ ನಿಂತರು. ಒಳ್ಳೆಯ ಮನೆ ಮತ್ತು ಕಲಿತ ಕೈ ಎರಡೂ ಕೂಡಿದಾಗ ಬಂದ ಫಲವದು.

ನಮ್ಮ ದೇಶದ ಕಾನೂನೂ ಈ ದಾರಿಯಲ್ಲಿಯೇ ನಡೆದಿದೆ. ೨೦೧೫ರ ಬಾಲನ್ಯಾಯ ಕಾಯಿದೆಯ ೪೪ನೆಯ ಕಲಮು ಪೋಷಕತ್ವದ ವಿಚಾರವನ್ನು ಹೇಳುತ್ತದೆ. ದತ್ತು ಬೇರೆ, ಪೋಷಕತ್ವ ಬೇರೆ. ದತ್ತುವಿನಲ್ಲಿ ಮಗುವು ಶಾಶ್ವತವಾಗಿ ಆ ಮನೆಯದಾಗುತ್ತದೆ. ಪೋಷಕತ್ವದಲ್ಲಾದರೋ, ಹೆತ್ತವರು ನೋಡಿಕೊಳ್ಳಲಾರದ ಮಗುವನ್ನು ಮಕ್ಕಳ ಕಲ್ಯಾಣ ಸಮಿತಿಯು ಸ್ವಲ್ಪ ಕಾಲಕ್ಕೋ ದೀರ್ಘ ಕಾಲಕ್ಕೋ ಯೋಗ್ಯವಾದ ಮನೆಯೊಂದಕ್ಕೆ ಒಪ್ಪಿಸುತ್ತದೆ. ಒಡಹುಟ್ಟಿದವರನ್ನು ಆದಷ್ಟೂ ಅಗಲಿಸಬಾರದು. ಸಮಿತಿಯು ತಿಂಗಳಿಗೊಮ್ಮೆ ಆ ಕುಟುಂಬವನ್ನು ಪರಿಶೀಲಿಸಬೇಕು. ೨೦೨೪ರ ಮಾದರಿ ಮಾರ್ಗಸೂಚಿಯ ಪ್ರಕಾರ, ೩೫ರಿಂದ ೬೦ ವರ್ಷದೊಳಗಿನ ಒಂಟಿ ಸ್ತ್ರೀಪುರುಷರೂ ಪೋಷಕರಾಗಬಹುದು. ಎರಡು ವರ್ಷ ಸಾಕಿದ ಮೇಲೆ, ಮಗುವು ದತ್ತುವಿಗೆ ಅರ್ಹವಾಗಿದ್ದರೆ, ದತ್ತು ಕೇಳಬಹುದು. ಹಿಂದೆ ಇದಕ್ಕೆ ಐದು ವರ್ಷ ಕಾಯಬೇಕಾಗಿತ್ತು.

ತಂದೆತಾಯಿಗಳಿಲ್ಲದೆ ಬಂಧುಗಳ ಮನೆಯಲ್ಲಿರುವ ಮಕ್ಕಳಿಗೆ ಪ್ರಾಯೋಜಕತ್ವವೆಂಬ ಸಹಾಯವಿದೆ. ೨೦೨೨ರ ಮಿಷನ್ ವಾತ್ಸಲ್ಯ ಮಾರ್ಗಸೂಚಿಯು ಇದಕ್ಕೆ ಮಗುವೊಂದಕ್ಕೆ ತಿಂಗಳಿಗೆ ೪,೦೦೦ ರೂಪಾಯಿಯನ್ನು ಗೊತ್ತುಮಾಡಿದೆ. ಕುಟುಂಬದ ವಾರ್ಷಿಕ ವರಮಾನವು ಹಳ್ಳಿಗಳಲ್ಲಿ ೭೨,೦೦೦, ಇತರ ಕಡೆಗಳಲ್ಲಿ ೯೬,೦೦೦ ರೂಪಾಯಿಗಳನ್ನು ಮೀರಿರಬಾರದೆಂದು ಅದರಲ್ಲಿ ಹೇಳಿದೆ. ಕೊರೋನಾ ಕಾಲದಲ್ಲಿ ಇಬ್ಬರು ಹೆತ್ತವರನ್ನೂ ಕಳೆದುಕೊಂಡ ಮಕ್ಕಳನ್ನು ನೋಡಿಕೊಳ್ಳುವವರಿಗೆ ತಿಂಗಳಿಗೆ ೩,೫೦೦ ರೂಪಾಯಿ ಕೊಡುವ ಮುಖ್ಯಮಂತ್ರಿ ಬಾಲ ಸೇವಾ ಯೋಜನೆಯನ್ನು ಕರ್ನಾಟಕ ಸರ್ಕಾರವು ೨೦೨೧ರಲ್ಲಿ ಘೋಷಿಸಿತು. ಆ ವರ್ಷ ನಮ್ಮ ನಾಡಿನ ಎಷ್ಟೋ ಅಜ್ಜ ಅಜ್ಜಿಯರು ಒಂದೇ ವಾರದಲ್ಲಿ ಮತ್ತೆ ತಂದೆತಾಯಿಗಳಾದರು. ಅಂತಹವರಿಗೆ ಹಣವೂ ಬೇಕು. ಆದರೆ ರಾತ್ರಿ ಎರಡು ಗಂಟೆಗೆ ಎದ್ದು ಕುಳಿತು ಅಳುವ ಮಗುವಿಗೆ ಏನು ಹೇಳಬೇಕೆಂಬುದನ್ನು ಹಣವು ತಿಳಿಸಿಕೊಡುವುದಿಲ್ಲ.

ಇನ್ನು ನಿಮ್ಮ ಅಳಿಯನ ಮಾತು. ಅವನು ಈಚೆಗೆ ಮಕ್ಕಳನ್ನು ನೋಡಬೇಕೆಂದು ಹೇಳಿಕಳುಹಿಸಿದ್ದಾನೆಂದೂ, ‘ಆ ಮುಖ ನನ್ನ ಹೊಸ್ತಿಲು ತುಳಿಯಕೂಡದು’ ಎಂದು ನೀವು ಉತ್ತರ ಕೊಟ್ಟಿರೆಂದೂ ಬರೆದಿದ್ದೀರಿ. ನಿಮ್ಮ ಕೋಪವು ನ್ಯಾಯವಾದುದಿರಬಹುದು. ಆದರೆ ಹುಡುಗನ ಮೈಯಲ್ಲಿ ಅರ್ಧ ಅಪ್ಪನಿದ್ದಾನೆ. ‘ನಿಮ್ಮಪ್ಪ ಪಾಪಿ’ ಎಂದು ಕೇಳಿದಾಗಲೆಲ್ಲ, ‘ನಾನೂ ಅರ್ಧ ಪಾಪಿ’ ಎಂದು ಅವನು ಲೆಕ್ಕ ಹಾಕಿಕೊಳ್ಳುತ್ತಾನೆ. ತಂದೆಯು ಬರುವುದರಿಂದ ಮಕ್ಕಳಿಗೆ ಅಪಾಯವುಂಟೇ ಎಂಬುದನ್ನು ನೀವೊಬ್ಬರೇ ನಿರ್ಧರಿಸಿ ಕಷ್ಟಪಡಬೇಡಿರಿ. ಮಕ್ಕಳ ಕಲ್ಯಾಣ ಸಮಿತಿಯ ಮುಂದಿಡಿರಿ. ಅವರು ವಿಚಾರಿಸಿ, ಹೇಗೆ, ಎಲ್ಲಿ, ಯಾರ ಎದುರಿಗೆ ಭೇಟಿಯಾಗಬಹುದೆಂದು ಹೇಳಲಿ. ಅಲ್ಲಿಯವರೆಗೆ ಮಕ್ಕಳ ಮುಂದೆ ಅವನ ವಿಷಯದಲ್ಲಿ ಕೆಟ್ಟ ಮಾತು ಬೇಡ. ಬೇರಿಗೆ ಅಂಟಿದ ಮಣ್ಣಿನಲ್ಲಿ ಕಲ್ಲೂ ಇದ್ದೀತು. ಕಲ್ಲಿಗಾಗಿ ಮಣ್ಣನ್ನೆಲ್ಲ ಕೊಡವಲಾಗದು.

ಸಂಬಂಧವಿಲ್ಲದ ಮಗುವನ್ನು ಸಾಕಲು ಮುಂದೆ ಬರುವ ವಾಚಕರಿಗೂ ಒಂದು ಮಾತು. ನಿಮಗೆ ಎಲ್ಲಕ್ಕಿಂತ ಕಷ್ಟವಾದ ಪಾಠವೆಂದರೆ, ಮಗುವನ್ನು ಹಿಂದಕ್ಕೆ ಕಳುಹಿಸುವುದು. ಹೆತ್ತವರು ಚೇತರಿಸಿಕೊಂಡರೆ ಅದು ಮನೆಗೆ ಹೋಗತಕ್ಕದ್ದೇ. ಅಂದು ಅತ್ತು ಕಳುಹಿಸಬಹುದು, ಆದರೆ ಬಾಗಿಲಿಗೆ ಅಡ್ಡ ನಿಲ್ಲಬಾರದು. ಇದಕ್ಕೆ ಮನಸ್ಸನ್ನು ಮೊದಲೇ ಸಿದ್ಧಪಡಿಸಿಕೊಳ್ಳದೆ ಈ ಕೆಲಸಕ್ಕೆ ಕೈಯಿಕ್ಕುವುದು ಸರಿಯಲ್ಲ.

ಸಹಾಯಕ್ಕೆ ಎಲ್ಲಿಗೆ ಹೋಗಬೇಕು? ಪ್ರತಿಯೊಂದು ಜಿಲ್ಲೆಯಲ್ಲಿಯೂ ಜಿಲ್ಲಾ ಮಕ್ಕಳ ರಕ್ಷಣಾ ಘಟಕವಿದೆ. ಪೋಷಕತ್ವ, ಪ್ರಾಯೋಜಕತ್ವ, ತರಬೇತಿ ಎಲ್ಲವನ್ನೂ ಅಲ್ಲಿ ವಿಚಾರಿಸಬಹುದು. ಅಂಗನವಾಡಿಯ ಕಾರ್ಯಕರ್ತೆಯನ್ನು ಕೇಳಿದರೂ ದಾರಿ ತೋರಿಸುತ್ತಾರೆ. ಮಗುವಿಗೆ ಅಪಾಯವಿದ್ದರೆ ೧೦೯೮ಕ್ಕೆ ಫೋನ್ ಮಾಡಬೇಕು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ಮಕ್ಕಳ ಮನೋವೈದ್ಯ ವಿಭಾಗವಿದೆ. ಕಷ್ಟದಲ್ಲಿರುವ ಮಕ್ಕಳೊಡನೆ ಕೆಲಸ ಮಾಡುವವರಿಗೆ ಕಲಿಸಲೆಂದು ಅದೇ ಸಂಸ್ಥೆಯಲ್ಲಿ ೨೦೨೦ರಲ್ಲಿ ‘ಸಂವಾದ್’ ಎಂಬ ಕೇಂದ್ರವೂ ಆರಂಭವಾಯಿತು. ನಿಮ್ಮ ಸ್ವಂತ ದುಃಖವು ತಡೆಯಲಾರದಷ್ಟಾದಾಗ ಮಾತಾಡಲು ೧೪೪೧೬ ಎಂಬ ಟೆಲಿಮಾನಸ್ ದೂರವಾಣಿಯಿದೆ. ಅದಕ್ಕೆ ದುಡ್ಡಿಲ್ಲ, ಕನ್ನಡದಲ್ಲಿಯೇ ಮಾತಾಡಬಹುದು. ನೆರೆಹೊರೆಯ ಗೃಹಸ್ಥರೂ ಒಂದು ಉಪಕಾರವನ್ನು ಮಾಡಬಹುದು. ಇಂತಹ ಮನೆಯ ಮಗುವನ್ನು ಕಂಡಾಗ ‘ಅಯ್ಯೋ, ತಬ್ಬಲಿ’ ಎಂದು ತಲೆ ಸವರದೆ, ಅದರ ಹೆಸರು ಹಿಡಿದು ಕರೆಯಿರಿ. ಅಜ್ಜಿಯು ತರಬೇತಿಗೆ ಹೋಗುವ ದಿನ ಮಕ್ಕಳನ್ನು ನಿಮ್ಮ ಮನೆಯಲ್ಲಿ ಕೂರಿಸಿಕೊಳ್ಳಿರಿ.

ಕಡೆಯದಾಗಿ, ಕಾಗದವನ್ನು ಬರೆದ ಕೈಯ ವಿಷಯ. ಅಜ್ಜಿಯು ಹೇಳಿದ ಮಾತೆಲ್ಲ ಮುಗಿದ ಮೇಲೆ, ಕೆಳಗೆ, ಸಣ್ಣ ಅಕ್ಷರದಲ್ಲಿ ಹುಡುಗಿಯು ತಾನಾಗಿ ಎರಡು ಸಾಲು ಸೇರಿಸಿದ್ದಳು: ‘ಅಜ್ಜಿ ರಾತ್ರಿ ಅಳುತ್ತಾರೆ. ನಾನು ನಿದ್ದೆ ಬಂದವಳ ಹಾಗೆ ಮಲಗಿರುತ್ತೇನೆ.’ ಇದನ್ನು ಅಚ್ಚುಮಾಡಬಹುದೇ ಎಂದು ನಾವು ಅವಳನ್ನು ಕೇಳಿದೆವು. ‘ಮಾಡಿ, ಅಜ್ಜಿಗೆ ಓದು ಬರುವುದಿಲ್ಲ, ನಾನೇ ಓದಿ ಹೇಳುತ್ತೇನೆ’ ಎಂದು ಉತ್ತರ ಬಂದಿತು.

ತಾಯಿ, ನಿಮ್ಮ ಕಾಗದದ ತುಂಬ ಹುಡುಗನದೇ ಮಾತು. ಹುಡುಗಿಯ ವಿಷಯವಾಗಿ ಇದ್ದದ್ದು ಒಂದೇ ವಾಕ್ಯ: ‘ಅವಳದೇನೂ ತೊಂದರೆ ಇಲ್ಲ, ಬಹಳ ಒಳ್ಳೆಯವಳು.’ ತೊಂದರೆ ಕೊಡದ ಮಗುವನ್ನೂ ನೋಡುವುದು ಹೇಗೆಂಬುದನ್ನು ಕಲಿತವರು ಕಲಿಸುತ್ತಾರೆ. ಹಾಸಿಗೆ ಒದ್ದೆಮಾಡುವವನ ದುಃಖವು ಕಣ್ಣಿಗೆ ಕಾಣುತ್ತದೆ. ಪಾತ್ರೆ ತೊಳೆದು, ತಮ್ಮನಿಗೆ ಅಂಗಿ ತೊಡಿಸಿ, ಅಜ್ಜಿ ನೊಂದಾರೆಂದು ಅಮ್ಮನ ಹೆಸರನ್ನೇ ಎತ್ತದೆ ಇರುವವಳ ದುಃಖವು ಕಾಣುವುದಿಲ್ಲ. ನೀವು ಅವಳಿಂದ ಮುಚ್ಚಿಟ್ಟಿದ್ದೀರಿ, ಅವಳು ನಿಮ್ಮಿಂದ ಮುಚ್ಚಿಟ್ಟಿದ್ದಾಳೆ.

ಆ ತರಬೇತಿಗೆ ಹೋಗಿರಿ. ನಾಲ್ಕು ಮಕ್ಕಳನ್ನು ಸಾಕಿದವರು ಅಲ್ಲಿ ಕೇಳುವುದಷ್ಟೇ ಅಲ್ಲ, ಹೇಳುವುದಕ್ಕೂ ಬಹಳವಿದೆ. ಅದಕ್ಕೆ ಮೊದಲು ಇಂದು ರಾತ್ರಿ ಪೆಟ್ಟಿಗೆಯಿಂದ ಮಗಳ ಫೋಟೋವನ್ನು ತೆಗೆದು ಮೂವರೂ ನೋಡುವ ಕಡೆ ಇಡಿರಿ. ಅಳು ಬಂದರೆ ಅಳಿರಿ. ಮಕ್ಕಳ ಎದುರಿಗೇ ಅಳಿರಿ. ಇದನ್ನು ಓದಿ ಹೇಳುತ್ತಿರುವ ಹುಡುಗಿಯು ಈಗ ಓದು ನಿಲ್ಲಿಸಿ ಪತ್ರಿಕೆಯನ್ನು ಕೆಳಗಿಡಲಿ.